ಯಾರ ಮಾತ್ರೆ

ಚಾದರ ಬದಲಿಸುವಾಗ ಗಂಡನ ದಿಂಬಿನ ಕೆಳಗೆ ಪ್ರತಿಭಾಳ ಕೈಗೆ ಕಬ್ಬಿಣದ ಬೀಗದ ಕೈ ಸಿಕ್ಕಿತು. ಅದು ಅತ್ತೆಯ ಹಳೆಯ ಪೆಟ್ಟಿಗೆಯದು. ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಅವರೆಕಾಯಿ ಬಿಡಿಸುತ್ತ ಕೂತಿದ್ದ ಲಕ್ಷ್ಮೀದೇವಮ್ಮ ಅದನ್ನು ನೋಡಿದ್ದೇ ಮುಖ ತಗ್ಗಿಸಿದರು.

"ಇದ್ಯಾಕತ್ತೆ ಅವರ ದಿಂಬಿನ ಕೆಳಗಿತ್ತು?"

"ಅಲ್ಲೇ ಇರ್ಲಿ ಬಿಡಮ್ಮ."

ಪ್ರತಿಭಾ ಕದಲಲಿಲ್ಲ. ಲಕ್ಷ್ಮೀದೇವಮ್ಮ ಸೆರಗಿನಿಂದ ಕೈ ಒರೆಸಿಕೊಂಡರು.

"ನಿಶಾಂತಂಗೆ ಮೂರ್ಛೆ ಕಾಯ್ಲೆ ಅಂತೆ ಕಣಮ್ಮ. ಹೋದ ವಾರ ಯಾವುದೋ ಆಸ್ಪತ್ರೆಯಿಂದ ಒಂದು ಹುಡುಗಿ ಫೋನ್ ಮಾಡಿದ್ಲು. ನಿಮ್ಮನೇಲಿ ಮೂರ್ಛೆಗೆ ಮಾತ್ರೆ ತಗೋತಿದೀರಲ್ಲ, ನಮ್ಮಲ್ಲಿ ಹೊಸ ಚಿಕಿತ್ಸೆ ಬಂದಿದೆ, ಕರ್ಕೊಂಬನ್ನಿ ಅಂದ್ಲು. ನಾನು ನುಂಗೋದು ಬಿಪಿ ಮಾತ್ರೆ. ನೀನು ಗುಂಡುಕಲ್ಲಂಗಿದೀಯ. ಇನ್ಯಾರಿದಾರೆ ಮನೇಲಿ? ನಂಗೆ ಗೊತ್ತಾಗ್ಬಾರ್ದು ಅಂತ ಒಬ್ಬನೇ ನುಂಗ್ಕೊಂಡಿದಾನೆ ನನ್ ಮಗ. ಬಂದಾಗ ಕೈಗೆ ಕಬ್ಬಿಣ ಕೊಡ್ಬೇಕು ಅಂತಾರಲ್ಲ, ಅದಕ್ಕೇ ಇಟ್ಟೆ."

ಅವಳ ಮುಖ ನೋಡದೆಯೇ ಹೇಳಿದರು: "ನಿಂಗೆ ಹೇಳಿದ್ರೆ ಎಲ್ಲಿ ಅವನ್ನ ಬಿಟ್ಟು ಹೋಗ್ಬಿಡ್ತೀಯೋ ಅಂತ ಭಯ ಆಯ್ತು."

ಮೂರ್ಛೆ ಇದ್ದದ್ದು ಪ್ರತಿಭಾಳಿಗೆ. ಕಾಲೇಜಿನಲ್ಲಿದ್ದಾಗ ಶುರುವಾಗಿತ್ತು; ಮಾತ್ರೆ ಹಿಡಿದ ಮೇಲೆ ಆರು ವರ್ಷದಿಂದ ಒಂದು ಸಲವೂ ಬಂದಿರಲಿಲ್ಲ. ಮದುವೆಗೆ ಮುಂಚೆಯೇ ನಿಶಾಂತನಿಗೆ ಎಲ್ಲ ಹೇಳಿದ್ದಳು. "ಅಮ್ಮಂಗೆ ಮಾತ್ರ ಸದ್ಯಕ್ಕೆ ಬೇಡ," ಎಂದಿದ್ದವನು ಅವನೇ. ಆ ಸದ್ಯಕ್ಕೆ ಎರಡು ವರ್ಷ ತುಂಬಿತ್ತು. ಈಗಲಾದರೂ ಹೇಳಬೇಕಿತ್ತು. ಸ್ಕೂಲಿಗೆ ಹೊತ್ತಾಯಿತೆಂದು ಚೀಲ ಹೆಗಲಿಗೇರಿಸಿ ಹೊರಟುಬಿಟ್ಟಳು.

ಅವಳು ಪಾಠ ಮಾಡುತ್ತಿದ್ದ ಸ್ಕೂಲಿದ್ದದ್ದು ಶೇಷಾದ್ರಿಪುರದಲ್ಲಿ. ಅವಳು ಬಸ್ ಹತ್ತದೆ ಚಾಮರಾಜಪೇಟೆಯ ಐದನೇ ಮೇನ್‌ನಲ್ಲಿದ್ದ ಶ್ರೀಹರಿಯವರ ಔಷಧಿ ಅಂಗಡಿಗೆ ನಡೆದಳು. ಅತ್ತೆಯ ಮಾತ್ರೆ, ತನ್ನ ಮಾತ್ರೆ ಎರಡೂ ಅಲ್ಲಿಂದಲೇ ಬರುತ್ತಿದ್ದವು. ಅವಳ ಮಾತ್ರೆಯ ವಿಷಯ ಗಂಡನನ್ನು ಬಿಟ್ಟರೆ ಆ ಪೇಟೆಯಲ್ಲಿ ತಿಳಿದಿದ್ದವರು ಅವರೊಬ್ಬರೇ.

"ಅಂಕಲ್, ನನ್ನ ಮಾತ್ರೆ ವಿಷಯ ಯಾರಿಗಾದ್ರೂ ಹೇಳಿದ್ರಾ?"

ಶ್ರೀಹರಿ ಗಾಬರಿಯಾದರು. "ಛೆ, ಮೂವತ್ತು ವರ್ಷದಿಂದ ಇಲ್ಲಿ ಕೂತಿದೀನಮ್ಮ. ಒಬ್ಬರ ಔಷಧಿ ಇನ್ನೊಬ್ಬರಿಗೆ ಹೇಳಿದವನಲ್ಲ."

ಅವಳು ಫೋನಿನ ಸಂಗತಿ ಹೇಳಿದಳು. ಅವರು ಕಂಪ್ಯೂಟರಿನತ್ತ ತಿರುಗಿ ಹಳೆಯ ಬಿಲ್ಲುಗಳನ್ನು ತೆರೆದರು. ನೋಡುತ್ತ ನೋಡುತ್ತ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬಿಲ್ಲು ಮಾಡಲು ಫೋನ್ ನಂಬರು ಹಾಕಲೇಬೇಕೆಂದು ಕಂಪ್ಯೂಟರು ಕೇಳುತ್ತಿತ್ತು. ಅವಳನ್ನು ಕೇಳಿ ಮುಜುಗರಪಡಿಸುವುದೇಕೆ, ಮನೆಯವರಿಗೆಲ್ಲ ಸೇರಿ ರಿಯಾಯಿತಿಯ ಪಾಯಿಂಟ್ಸ್ ಆದರೂ ಬರಲಿ ಎಂದು ಪ್ರತಿ ತಿಂಗಳೂ ಅವರೇ ಲಕ್ಷ್ಮೀದೇವಮ್ಮನವರ ನಂಬರು ಹಾಕಿದ್ದರು.

ಸಾಫ್ಟ್‌ವೇರ್ ಹಾಕಿಕೊಟ್ಟಿದ್ದ ಕಂಪನಿಯ ವಂಶಿಗೆ ಅಲ್ಲಿಂದಲೇ ಫೋನ್ ಮಾಡಿ, ಅವಳಿಗೂ ಕೇಳಲೆಂದು ಸ್ಪೀಕರ್ ಹಾಕಿ, ಬಿಲ್ಲಿನ ವಿವರ ಆಸ್ಪತ್ರೆಗೆ ಹೇಗೆ ಹೋಯಿತೆಂದು ಕೇಳಿದರು.

"ಹೆಸರು ಹೋಗಲ್ಲ ಸರ್," ಎಂದ ವಂಶಿ. "ನಂಬರು, ಔಷಧಿ, ಏರಿಯಾ, ಅಷ್ಟೇ. ನೀವು ಒಪ್ಪಿಗೆಗೆ ಟಿಕ್ ಮಾಡಿದೀರಲ್ಲ."

"ನಾನು ಮಾಡಿದೆ. ಗಿರಾಕಿಗಳು ಯಾರು ಮಾಡಿದ್ರು?"

"ಸರ್, ಸಾಫ್ಟ್‌ವೇರ್ ನಿಮಗೆ ಬಿಟ್ಟಿ ಕೊಟ್ಟಿದೀವಿ. ಕಂಪನಿ ನಡೀಬೇಕಲ್ಲ? ಯಾರು ಏನು ನುಂಗ್ತಾರೆ ಅನ್ನೋದನ್ನ ಕೊಂಡ್ಕೊಳೋಕೆ ಆಸ್ಪತ್ರೆಯೋರು, ಇನ್ಶೂರೆನ್ಸ್‌ನೋರು ಸಾಲಾಗಿ ನಿಂತಿದಾರೆ."

"ಇವರ ಮನೇದು ಅಳಿಸಿಬಿಡಪ್ಪ."

"ನಮ್ಮಲ್ಲಿ ಅಳಿಸಬಹುದು. ಕೊಂಡೋರ ಹತ್ರ ಹೋಗಿರೋದು ಹೋಯ್ತು." ವಂಶಿ ದನಿ ತಗ್ಗಿಸಿದ. "ನಿಮ್ಮ ಹತ್ರ ಸುಳ್ಳು ಯಾಕೆ ಹೇಳ್ಲಿ ಸರ್, ನಮ್ಮಮ್ಮನ ನಂಬರು ನಾನೇ ಯಾವ ಅಂಗಡೀಲೂ ಕೊಡಲ್ಲ."

ಶ್ರೀಹರಿ ಫೋನ್ ಇಟ್ಟು ಅವಳತ್ತ ತಿರುಗಿದರು. "ತಪ್ಪು ನಂದಮ್ಮ. ನಾನೇ ಮನೆಗೆ ಬರ್ತೀನಿ. ಬೇರೆ ಯಾರದೋ ಬಿಲ್ಲು ನಿಮ್ಮ ನಂಬರಿಗೆ ಬಿದ್ದಿತ್ತು ಅಂತ ನಿಮ್ಮತ್ತೆಗೆ ಹೇಳ್ತೀನಿ. ಅಲ್ಲಿಗೆ ಮುಗೀತು."

ಅದು ಎಷ್ಟು ಸುಲಭವಾಗಿತ್ತು! ಪ್ರತಿಭಾ ಹೂಂ ಎನ್ನುವುದರಲ್ಲಿದ್ದಳು. ಆದರೆ ಅತ್ತೆ ಅವಳ ಮುಖ ನೋಡದೆ ಆಡಿದ ಮಾತು ನೆನಪಾಯಿತು.

"ಬೇಡ ಅಂಕಲ್. ಒಂದು ವಾರದಿಂದ ಅವರು ಮಗನಿಗಾಗಿ ಒದ್ದಾಡ್ತಿದಾರೆ. ನಾನೇ ಹೇಳ್ತೀನಿ."

ಮನೆಗೆ ಹಿಂತಿರುಗಿ, ನಿಂತುಕೊಂಡೇ ಹೇಳಿದಳು. "ಅವರಿಗಲ್ಲ ಅತ್ತೆ. ಮಾತ್ರೆ ತಗೊಳೋದು ನಾನು."

"ಅಂದ್ರೆ ನಿಶಾಂತಂಗೆ ಏನೂ ಇಲ್ವಾ?" ಲಕ್ಷ್ಮೀದೇವಮ್ಮ ಎರಡೂ ಕೈ ಜೋಡಿಸಿ ದೇವರ ಗೂಡಿನತ್ತ ತಿರುಗಿದರು. "ಬದುಕಿದೆ ನನ್ನಪ್ಪಾ!"

ಪ್ರತಿಭಾ ಹಾಗೆಯೇ ನಿಂತಿದ್ದಳು. ಅತ್ತೆ ಇತ್ತ ತಿರುಗಿ ಸೊಸೆಯ ಮುಖ ಕಂಡಾಗ ಜೋಡಿಸಿದ ಕೈಗಳು ತಾವಾಗಿ ಕೆಳಗಿಳಿದವು. ಎದ್ದು ಹಿತ್ತಲಿಗೆ ಹೋದರು.

ಸಂಜೆ ಬಂದ ಮಗನಿಗೆ ಸರಿಯಾಗಿ ಬೈಗುಳ ಬಿತ್ತು. "ಇಬ್ರೂ ಸೇರ್ಕೊಂಡು ನನ್ನ ಹೊರಗಿನೋಳು ಮಾಡಿಬಿಟ್ರಲ್ಲ! ಊರಿನ ಕಂಪನಿಯೋರಿಗೆಲ್ಲ ಗೊತ್ತು, ನಂಗೆ ಗೊತ್ತಿಲ್ಲ!" ನಾಲ್ಕು ದಿನ ಅತ್ತೆ ಪ್ರತಿಭಾಳೊಂದಿಗೆ ಆಡಿದ್ದು ಊಟಕ್ಕೆ ಕರೆಯುವಷ್ಟೇ ಮಾತು. ಅವಳು ತನ್ನ ಊಟ ತಾನೇ ಬಡಿಸಿಕೊಂಡು, ರಾತ್ರಿ ಗಂಡನಿಗೆ ಕೇಳದಂತೆ ಅತ್ತಳು.

ಅತ್ತ ಶ್ರೀಹರಿ ಆ ಸಾಫ್ಟ್‌ವೇರ್ ತೆಗೆಸಿ ಬಿಲ್ಲು ಕೈಯಲ್ಲಿ ಬರೆಯತೊಡಗಿದರು. ಪಾಯಿಂಟ್ಸ್ ಹೋಯಿತೆಂದು ಜಗಳವಾಡಿದ ಗಿರಾಕಿಗಳಿಗೆಲ್ಲ ನಡೆದದ್ದನ್ನು ಯಾರ ಹೆಸರೂ ಎತ್ತದೆ ವಿವರಿಸಿದರು. ಕೆಲವರು ಕೇಳಿಸಿಕೊಂಡರು, ಕೆಲವರು ಬೇರೆ ಅಂಗಡಿಗೆ ಹೋದರು. ಲಕ್ಷ್ಮೀದೇವಮ್ಮನವರ ಫೋನಿಗೆ ಕರೆಗಳು ಮಾತ್ರ ನಿಲ್ಲಲಿಲ್ಲ. ಒಮ್ಮೆ ಇನ್ಶೂರೆನ್ಸ್, ಒಮ್ಮೆ ಯೋಗದವರು. ಅವರು ಪ್ರತಿಯೊಬ್ಬರನ್ನೂ ಬೈದು ಇಡುತ್ತಿದ್ದರು.

ಐದನೆಯ ದಿನ ಭಾನುವಾರ. ಮಧ್ಯಾಹ್ನ ಊಟವಾದ ಮೇಲೆ ಪ್ರತಿಭಾ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಅತ್ತೆ ಬಂದು ಎದುರಿಗೆ ಕೂತರು.

"ಅಕಸ್ಮಾತ್ ನಿಂಗೆ ಬಂದ್ರೆ, ಮನೇಲಿ ನಾನೊಬ್ಳೇ ಇದ್ರೆ, ಏನ್ ಮಾಡ್ಬೇಕು?"

ಪ್ರತಿಭಾ ಪೆನ್ನು ಕೆಳಗಿಟ್ಟಳು. "ಗಟ್ಟಿಯಾಗಿ ಅದುಮಿ ಹಿಡೀಬಾರ್ದು ಅತ್ತೆ. ಬಾಯಿಗೆ ಏನೂ ಹಾಕ್ಬಾರ್ದು. ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸ್ಬೇಕು. ಐದು ನಿಮಿಷದಲ್ಲಿ ನಿಲ್ಲದಿದ್ರೆ ಆಂಬುಲೆನ್ಸ್ ಕರೀಬೇಕು."

"ಹೊರಳಿಸೋದು ಹೆಂಗೆ? ಮಲ್ಕೊ, ತೋರಿಸು."

ಹಾಲಿನ ಚಾಪೆಯ ಮೇಲೆ ಪ್ರತಿಭಾ ಅಂಗಾತ ಮಲಗಿದಳು. ಲಕ್ಷ್ಮೀದೇವಮ್ಮ ಮಂಡಿಯೂರಿ, ಒಂದು ಕೈ ಅವಳ ಭುಜಕ್ಕೆ, ಇನ್ನೊಂದು ಸೊಂಟಕ್ಕೆ ಕೊಟ್ಟು ಎಳೆದರು. ಮೊದಲ ಸಲ ಆಗಲಿಲ್ಲ.

"ಭಾರ ಇದೀಯ ಮಗಾ," ಎಂದು ನಕ್ಕು, ಇನ್ನೊಮ್ಮೆ ಎಳೆದರು. ಪ್ರತಿಭಾ ಮೆಲ್ಲಗೆ ಹೊರಳಿದಳು. ಅತ್ತೆ ಅವಳ ತಲೆಯಡಿಗೆ ತಮ್ಮ ಅಂಗೈ ಕೊಟ್ಟು, "ಹಿಂಗಾ?" ಎಂದು ಕೇಳಿದರು.