ನಾಲ್ಕೋ, ಆರೋ

ನನಗೂ ನನ್ನ ಅತ್ತೆಗೂ ಹತ್ತೊಂಬತ್ತು ವರ್ಷ ಮಾತಿರಲಿಲ್ಲ ಎಂದು ನಮ್ಮ ಬೀದಿಯವರು ಹೇಳುತ್ತಾರೆ. ಅದು ಸುಳ್ಳು. ಮಾತಿತ್ತು. "ಮಳೆ ಬರೋ ಹಾಗಿದೆ, ಮಿಸೆಸ್ ಹಾಯ್ಲ್" ಎಂದು ನಾನು ಹೇಳುತ್ತಿದ್ದೆ, "ಬಂದ್ರೆ ಬರಲಿ ಬಿಡು, ಗ್ಲೆಂಡಾ" ಎಂದು ಅವರು ಹೇಳುತ್ತಿದ್ದರು. ಅವರ ಮಗ ನೈಜೆಲನನ್ನು ಕಟ್ಟಿಕೊಂಡ ಮೇಲೆ ನಾನೂ ಮಿಸೆಸ್ ಹಾಯ್ಲೇ. ಆದರೂ ಅವರನ್ನು ಅಮ್ಮಾ ಎನ್ನಲು ನನಗೆ ನಾಲಿಗೆ ಏಳಲಿಲ್ಲ.

ಕಾರಣ ಒಂದು ಟಾರ್ಟು. ನಗುವವರು ನಗಲಿ, ನನಗಂತೂ ಆಗ ನಗು ಬಂದಿರಲಿಲ್ಲ.

ಮದುವೆಯಾದ ವರ್ಷ, ಎಪ್ಪತ್ತೈದರಲ್ಲಿ, ಚಾಪೆಲ್ಲಿನ ವಾರ್ಷಿಕ ಚಹಾಕೂಟಕ್ಕೆ ಒಡೆದ ಹಾಲಿನ ಟಾರ್ಟು ಮಾಡಿಕೊಂಡು ಬಾ ಎಂದು ಅತ್ತೆಯೇ ನನಗೆ ಹೇಳಿದರು. ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸಿನ ನಮ್ಮ ಗುಡ್ಡದ ಕಡೆ ಅದನ್ನು ಮಾಡಲು ಬಾರದ ಹೆಂಗಸನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಹಾಲು ಒಡೆಸಿ, ಸೋಸಿ, ಆ ಗಟ್ಟಿಗೆ ಬೆಣ್ಣೆ, ಮೊಟ್ಟೆ, ಒಣದ್ರಾಕ್ಷಿ, ಒಂದು ಚಿಟಿಕೆ ಜಾಯಿಕಾಯಿ ಹಾಕಿ ಹಿಟ್ಟಿನ ತಟ್ಟೆಯಲ್ಲಿ ತುಂಬಿ ಬೇಯಿಸುವುದು, ಅಷ್ಟೇ. ಅಷ್ಟರಲ್ಲೇ ಎಲ್ಲ ಇದೆ. ಅತ್ತೆಯ ಕೈಯ ಟಾರ್ಟಿಗೆ ಮೂರು ಬೀದಿ ದಾಟಿ ಜನ ಬರುತ್ತಿದ್ದರು. ವಿಧಾನವನ್ನು ಅವರೇ ತಮ್ಮ ಕೈಯಾರೆ ಚೀಟಿಯಲ್ಲಿ ಬರೆದುಕೊಟ್ಟರು. ಕೊನೆಯ ಸಾಲು: ಓವನ್ ನಾಲ್ಕನೇ ನಂಬರು, ಮುಕ್ಕಾಲು ಗಂಟೆ. ಗ್ಯಾಸ್ ಓವನ್ನಿನಲ್ಲಿ ತಿರುಗಿಸುವ ನಾಬಿನ ಮೇಲಿನ ನಂಬರು ಹೆಚ್ಚಿದಷ್ಟೂ ಶಾಖ ಹೆಚ್ಚು.

ಚೀಟಿಯಲ್ಲಿದ್ದ ಹಾಗೆ ಕೂದಲೆಳೆ ವ್ಯತ್ಯಾಸವಿಲ್ಲದೆ ಮಾಡಿದೆ. ಮೇಲೆ ನೋಡಲು ಏನೋ ಪರವಾಗಿಲ್ಲ ಎನ್ನುವಂತಿತ್ತು, ಸ್ವಲ್ಪ ಬಿಳಿಚಿಕೊಂಡಿತ್ತು. ಕತ್ತರಿಸಿದರೆ ಬುಡವೆಲ್ಲ ಹಸಿ. ಪಾದ್ರಿಯವರ ತಟ್ಟೆಯಲ್ಲಿ ಅದು ಗಂಜಿಯ ಹಾಗೆ ಹರಡಿಕೊಂಡಿತು. ಅವರು ಪಾಪ, ಚಮಚ ಕೇಳಿ ತಿಂದರು. ಅತ್ತೆ ಪಕ್ಕದವರಿಗೆ, ನನಗೂ ಕೇಳಿಸುವಷ್ಟು ಜೋರಾಗಿ, "ಬರೆದು ಕೈಗೆ ಕೊಟ್ರೂ ಮಾಡೋಕಾಗಲ್ಲ ಅಂದ್ರೆ ಇನ್ನೇನು ಹೇಳೋದು" ಎಂದರು. ನಾಚಿಕೆಯಿಂದ ನನ್ನ ಕಿವಿಯವರೆಗೂ ಬಿಸಿಯೇರಿತು.

ನನ್ನ ಸ್ವಭಾವ ಹೇಗೆಂದರೆ, ಒಂದು ವಸ್ತು ಕೆಟ್ಟರೆ ಯಾಕೆ ಕೆಟ್ಟಿತು ಎಂದು ತಿಳಿಯುವ ತನಕ ಅನ್ನ ಇಳಿಯುವುದಿಲ್ಲ. ಪೇಟೆಯ ರಿಪೇರಿ ಅಂಗಡಿಯಲ್ಲಿ ಹನ್ನೊಂದು ಜನ ಗಂಡಸರ ನಡುವೆ ನಾನೊಬ್ಬಳೇ ಹೆಂಗಸು ಕೆಲಸಕ್ಕೆ ಸೇರಿದ್ದೂ ಅದೇ ಚಟದಿಂದ. ಹಾಗಾಗಿ ಚಹಾಕೂಟದ ಮರುವಾರ ನಮ್ಮ ಮನೆಯ ಓವನ್ನಿನಲ್ಲಿ ಅದೇ ಟಾರ್ಟನ್ನು ಮೂರು ಸಲ ಮಾಡಿ ನೋಡಿದೆ. ನಾಲ್ಕಕ್ಕೆ ಇಟ್ಟರೆ ಹಸಿ. ಐದಕ್ಕೆ ಇಟ್ಟರೆ ಅರೆಬರೆ. ಆರಕ್ಕೆ ಇಟ್ಟೆ ನೋಡಿ, ಬಂಗಾರದಂಥ ಟಾರ್ಟು, ಅತ್ತೆಯದಕ್ಕೆ ಒಂದು ಗುಲಗಂಜಿಯೂ ಕಡಿಮೆಯಿಲ್ಲ. ಅಂದರೆ ಆರು ಎಂದು ಗೊತ್ತಿದ್ದೂ ಮುದುಕಿ ನಾಲ್ಕು ಎಂದು ಬರೆದುಕೊಟ್ಟಿದ್ದಾಳೆ. ತನ್ನ ಸಿಂಹಾಸನ ಸೊಸೆಗೆ ಹೋಗದಿರಲಿ ಎಂದು. ನನಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಆಮೇಲೆ ಮಾವ ಹೆಡ್ಲಿ ತೀರಿಕೊಂಡರು. ಗಂಡಸರಲ್ಲಿ ಅಂಥವರು ಸಿಗುವುದು ಕಷ್ಟ, ಮನೆಯಲ್ಲಿ ಏನೇ ಮುರಿದರೂ ಹೊರಗಿನವರನ್ನು ಒಳಗೆ ಬಿಡದೆ ತಾವೇ ಕೂತು ಸರಿಮಾಡುತ್ತಿದ್ದವರು. ಅವರ ನಂತರ ಅತ್ತೆಯ ಗ್ಯಾಸ್ ಒಲೆಯ ರಿಪೇರಿ ನೈಜೆಲನ ಪಾಲಿಗೆ ಬಂತು. ಸೊಸೆ ಅಂಗಡಿಯಲ್ಲಿ ದಿನಕ್ಕೆ ನಾಲ್ಕು ಒಲೆ ಬಿಚ್ಚಿ ಜೋಡಿಸುವವಳಾದರೂ ಅತ್ತೆ ನನ್ನನ್ನು ಕರೆಯಲಿಲ್ಲ. ನಾನೂ ಹೋಗಲಿಲ್ಲ.

ತೊಂಬತ್ತನಾಲ್ಕರ ಮೇ ತಿಂಗಳಲ್ಲಿ ನೈಜೆಲ್ ಸೊಂಟ ಹಿಡಿದುಕೊಂಡು ಮಲಗಿದ. ಅದೇ ವಾರ ಅತ್ತೆಯ ಒಲೆ ಕೈಕೊಟ್ಟಿತು. ಚಹಾಕೂಟಕ್ಕೆ ಒಂದೇ ದಿನ ಉಳಿದಿತ್ತು.

"ನೀನೇ ಹೋಗ್ಬಾ, ಗ್ಲೆನ್" ಎಂದು ಅವನು ಮಲಗಿದಲ್ಲಿಂದಲೇ ಗೋಗರೆದ. "ಓವನ್ ನಾಬು ಸೀಳಿದೆಯಂತೆ. ಇಕ್ಕಳ ಹಾಕಿ ತಿರುಗಿಸ್ತಾ ಇದ್ದಾಳಂತೆ. ಎಂಬತ್ತೊಂದು ವರ್ಷದವಳು."

"ಇಕ್ಕಳ ಹಿಡಿಯೋಕೆ ಬರುತ್ತಲ್ಲ, ಇನ್ನೇನು" ಎಂದೆ. ಆದರೂ ಹೋದೆ. ಒಲೆಯ ಹಿಂದಿನ ತಗಡಿನಲ್ಲಿರುವ ಮಾದರಿಯ ನಂಬರನ್ನು ಅವನಿಂದ ಕೇಳಿಕೊಂಡು, ಅಂಗಡಿಯಿಂದ ಅದಕ್ಕೇ ಸರಿಯಾದ ಹೊಸ ನಾಬು, ಓವನ್ ಬಾಗಿಲಿಗೆ ರಬ್ಬರ್ ಪಟ್ಟಿ, ಓವನ್ನಿನೊಳಗೆ ನೇತುಹಾಕುವ ಶಾಖಮಾಪಕ ಎಲ್ಲ ತೆಗೆದುಕೊಂಡು ಶನಿವಾರ ಬೆಳಿಗ್ಗೆ ಹೋದೆ.

ಅತ್ತೆ ಬಾಗಿಲು ತೆರೆದು ನನ್ನ ಪೆಟ್ಟಿಗೆಯನ್ನೂ ನನ್ನನ್ನೂ ನೋಡಿದರು.

"ಅವನಿಲ್ವಾ?"

"ಸೊಂಟ. ನಾನು ಆಗಲ್ಲ ಅಂದ್ರೆ ಹೇಳಿ, ವಾಪಸ್ ಹೋಗ್ತೀನಿ."

"ಬಂದೋಳು ಬಂದಾಯ್ತಲ್ಲ. ಕಾಲು ಒರೆಸ್ಕೊಂಡು ಬಾ."

ಗ್ಯಾಸಿನ ಕೊಳವೆ ಬಿಚ್ಚುವುದು ಪರವಾನಗಿ ಇದ್ದವರ ಕೆಲಸ, ಅದನ್ನು ಮನೆಯವರು ಮುಟ್ಟಬಾರದು. ಮಿಕ್ಕದ್ದನ್ನು ತಲೆ ನೆಟ್ಟಗಿರುವ ಯಾರಾದರೂ ಮಾಡಬಹುದು. ಮೊದಲು ಗ್ಯಾಸ್ ಬಂದ್ ಮಾಡಿದೆ. ಎಡಗಡೆಯ ಬರ್ನರ್ ಅರ್ಧವೇ ಉರಿಯುತ್ತದೆ ಎಂದು ಅತ್ತೆ ದೂರಿದರು, ಅದರ ತೂತುಗಳಲ್ಲಿ ಉಕ್ಕಿದ ಹಾಲು ಕಟ್ಟಿಕೊಂಡಿತ್ತು. ಸೂಜಿಯಲ್ಲಿ ಒಂದೊಂದೇ ಬಿಡಿಸಿ, ಬಿಸಿ ಸೋಪುನೀರಲ್ಲಿ ಉಜ್ಜಿ, ಪೂರ್ತಿ ಒಣಗಿಸಿ ಕೂರಿಸಿದೆ. ಓವನ್ ಬಾಗಿಲಿನ ಹಳೆಯ ಪಟ್ಟಿ ಹಪ್ಪಳವಾಗಿತ್ತು, ಕಿತ್ತು ಹೊಸದು ಹಾಕಿದೆ. ಸೀಳಿದ ನಾಬನ್ನು ಎಳೆದು ಕಸದ ಡಬ್ಬಿಗೆ ಎಸೆದು ಹೊಸದನ್ನು ಒತ್ತಿದೆ. ಟಕ್ ಎಂದು ಕೂತಿತು. ಮತ್ತೆ ಗ್ಯಾಸ್ ಬಿಟ್ಟು ಹಚ್ಚಿದರೆ ಎಲ್ಲ ಕಡೆ ನೀಲಿ ಉರಿ. ಅತ್ತೆ ಬಗ್ಗಿ ನೋಡಿ "ಹೂಂ" ಎಂದರು. ಅವರ ಬಾಯಲ್ಲಿ ಅದು ದೊಡ್ಡ ಬಿರುದು.

ಚಹಾಕೂಟದ ಟಾರ್ಟು ಆಗಲೇ ತಟ್ಟೆಯಲ್ಲಿ ತಯಾರಿತ್ತು. ಅತ್ತೆ ಹೊಸ ನಾಬನ್ನು ನಾಲ್ಕಕ್ಕೆ ತಿರುಗಿಸಿ, ಓವನ್ ಕಾದ ಮೇಲೆ ಅದನ್ನು ಒಳಗಿಟ್ಟರು. ನಾನು ಪಕ್ಕದಲ್ಲೇ ನಿಂತಿದ್ದೆ, ನನ್ನ ಕಣ್ಣಾರೆ ಕಂಡದ್ದು. ನನ್ನೆದುರಿಗೆ ನಾಟಕ, ಎಂದುಕೊಂಡೆ. ನಾನು ಬೆನ್ನು ತಿರುಗಿಸಿದ ಮೇಲೆ ಆರಕ್ಕೆ ಏರಿಸುತ್ತಾರೆ. ಅದನ್ನು ಹಿಡಿಯಲೇಬೇಕೆಂದು ಹಟ ಹುಟ್ಟಿತು. ಪಾತ್ರೆ ತೊಳೆದೆ, ಇಲ್ಲದ ಕೆಲಸ ಹುಡುಕಿ ಹಿತ್ತಿಲ ಬಾಗಿಲಿನ ಕೀಲಿಗೆ ಎಣ್ಣೆ ಬಿಟ್ಟೆ, ಒಲೆಯ ಕಡೆ ಒಂದು ಕಣ್ಣು ಇಟ್ಟೇ ಇದ್ದೆ. ಅತ್ತೆ ಕುರ್ಚಿಯಲ್ಲಿ ಕೂತು ಪೇಪರು ಓದಿದರು. ನಾಬಿನ ಹತ್ತಿರ ಸುಳಿಯಲೇ ಇಲ್ಲ.

ಮುಕ್ಕಾಲು ಗಂಟೆಗೆ ಸರಿಯಾಗಿ ಹೊರತೆಗೆದರು. ಮೇಲೆ ಬಿಳಿಚಿಕೊಂಡಿತ್ತು. ಚಾಕು ಚುಚ್ಚಿದರೆ ಅದರ ಜೊತೆ ಹಸಿ ಹಿಟ್ಟು ಬಂತು.

ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅದು ನನ್ನ ಟಾರ್ಟು. ಎಪ್ಪತ್ತೈದರ ಅದೇ ಟಾರ್ಟು, ಅದೇ ಬಣ್ಣ, ಅದೇ ಹಸಿ ಬುಡ.

"ಏನು ಮಾಡಿಟ್ಟೆ ನನ್ನ ಒಲೆಗೆ?" ಎಂದು ಅತ್ತೆ ಮೆಲ್ಲಗೆ ಕೇಳಿದರು. "ಚೆನ್ನಾಗಿತ್ತು ಇದು. ಐವತ್ತು ವರ್ಷದಿಂದ ಮಾಡ್ತಾ ಇದೀನಿ, ಒಂದು ಸಲಾನೂ ಹೀಗಾಗಿಲ್ಲ. ನಾಳೆ ಚಾಪೆಲ್ಲಿಗೆ ನಾನೇನು ಹೊತ್ಕೊಂಡು ಹೋಗಲಿ?"

ನನ್ನ ಸಂತೋಷ ಅಲ್ಲೇ ಇಂಗಿಹೋಯಿತು. ನನಗೆ ಮೋಸ ಮಾಡಲೆಂದು ಬರೆದ ನಂಬರಾಗಿದ್ದರೆ, ತನ್ನ ಟಾರ್ಟನ್ನು, ಅದೂ ಚಹಾಕೂಟದ ಟಾರ್ಟನ್ನು, ಈ ಹೆಂಗಸು ಅದೇ ನಂಬರಿಗೆ ಯಾಕೆ ಇಟ್ಟಾಳು?

"ನೀವು ಯಾವಾಗ್ಲೂ ನಾಲ್ಕಕ್ಕೇ ಇಡೋದಾ?"

"ಮತ್ತೆ? ನಿಂಗೆ ಬರೆದುಕೊಟ್ಟಿದ್ದೆನಲ್ಲ."

ನಾನು ಕಸದ ಡಬ್ಬಿಗೆ ಕೈಹಾಕಿದೆ. ಆಲೂಗಡ್ಡೆ ಸಿಪ್ಪೆಯ ನಡುವಿನಿಂದ ಹಳೆಯ ನಾಬು ತೆಗೆದು, ಒರೆಸಿ, ಹೊಸದನ್ನೂ ಕಿತ್ತು, ಮೇಜಿನ ಮೇಲೆ ಎರಡನ್ನೂ ಜೊತೆಗಿಟ್ಟೆ. ಬಣ್ಣ ಒಂದೇ, ಗಾತ್ರ ಒಂದೇ. ಬಂದ್ ಮಾಡುವ ಗುರುತು ಎರಡರಲ್ಲೂ ನೆತ್ತಿಯ ಮೇಲೇ ಇತ್ತು. ಆದರೆ ಅಲ್ಲಿಂದ ಮುಂದೆ ಹಳೆಯದರಲ್ಲಿ ಅಂಕಿಗಳು ದೂರ ದೂರ ಕೂತಿದ್ದವು. ಹೊಸದರಲ್ಲಿ ಆರು ಇರುವ ಕಡೆ ಹಳೆಯದರಲ್ಲಿ ನಾಲ್ಕು ಇತ್ತು. ಮಗುಚಿ ನೋಡಿದೆ. ಹಳೆಯದರ ಒಳತೂತನ್ನು ಯಾರೋ ಅರದಿಂದ ಉಜ್ಜಿ ಉಜ್ಜಿ ಈ ಒಲೆಯಲ್ಲಿ ನಾಬು ಕೂರುವ ಕಡ್ಡಿಗೆ ಹೊಂದಿಸಿದ್ದರು. ಎಷ್ಟು ನಾಜೂಕು ಕೆಲಸವೆಂದರೆ ನಾನೇ ಮಾಡಿದ್ದರೂ ಹೆಮ್ಮೆಪಡುತ್ತಿದ್ದೆ.

"ಇದು ಬೇರೆ ಯಾವುದೋ ಒಲೇದು, ಮಿಸೆಸ್ ಹಾಯ್ಲ್."

"ಏನಂತ ಮಾತಾಡ್ತೀಯ."

ಬಾಯಿಮಾತಿನಲ್ಲಿ ಅವರು ಒಪ್ಪುವವರಲ್ಲ. ಹಳೆಯ ನಾಬು ಹಾಕಿ, ಸೀಳಿನ ಮೇಲೆ ಬೆರಳು ಒತ್ತಿ ನಾಲ್ಕಕ್ಕೆ ತಿರುಗಿಸಿ, ಶಾಖಮಾಪಕ ಒಳಗೆ ನೇತುಹಾಕಿದೆ. ಕಾಲು ಗಂಟೆ ಇಬ್ಬರೂ ಓವನ್ನಿನ ಮುಂದೆ ಕುರ್ಚಿ ಹಾಕಿಕೊಂಡು ಕೂತೆವು. ಮುಳ್ಳು ಇನ್ನೂರು ಡಿಗ್ರಿಗೆ ಬಂದು ನಿಂತಿತು. ಆಮೇಲೆ ಹೊಸ ನಾಬು ಹಾಕಿ ಅದನ್ನೂ ನಾಲ್ಕಕ್ಕೇ ಇಟ್ಟು, ಇನ್ನೊಂದಿಷ್ಟು ಹೊತ್ತು ಕಾದೆವು. ಮುಳ್ಳು ನೂರ ಎಂಬತ್ತಕ್ಕೆ ಇಳಿಯಿತು. ಅತ್ತೆ ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿದರು.

"ಹೊಸದು ಸರಿಯಾಗಿದೆ. ಹಳೇದು ನಾಲ್ಕು ಅಂದಾಗೆಲ್ಲ ಒಳಗೆ ಆರರ ಶಾಖ ಇತ್ತು" ಎಂದೆ.

ಅವರು ಎದ್ದುಹೋಗಿ ಕಪಾಟಿನಿಂದ ಎಣ್ಣೆಜಿಡ್ಡಿನ ಒಂದು ನೋಟುಪುಸ್ತಕ ತಂದರು. ಟಾರ್ಟಿನ ಪುಟ ತೆರೆದರು. ಅಲ್ಲಿ 'ಆರು' ಎಂದು ಬರೆದು, ಹೊಡೆದುಹಾಕಿ, ಮೇಲೆ 'ನಾಲ್ಕು' ಎಂದು ತಿದ್ದಿತ್ತು. ಮುಂದಿನ ಪುಟದಲ್ಲೂ ತಿದ್ದಿತ್ತು. ಅದರ ಮುಂದಿನದರಲ್ಲೂ.

"ಎಪ್ಪತ್ತೊಂದು" ಎಂದರು ಅತ್ತೆ. "ಹಳೇ ಕಲ್ಲಿದ್ದಲ ಗ್ಯಾಸ್ ತೆಗೆದು ಸಮುದ್ರದಡಿಯಿಂದ ತೆಗೆದ ಗ್ಯಾಸ್ ಕೊಟ್ರಲ್ಲ, ಆ ವರ್ಷ. ಮನೆಮನೆಗೂ ಬಂದು ಬರ್ನರೆಲ್ಲ ಬದಲಾಯಿಸಿ ಹೋದ್ರು. ಆ ವಾರದಿಂದ ನಾನು ಏನಿಟ್ರೂ ಸೀದುಹೋಗೋದು. ಬೀದಿಯೋರೆಲ್ಲ ಹೊಸ ಗ್ಯಾಸನ್ನ ಬೈತಿದ್ರು, ನಾನೂ ಬೈದೆ. ಒಂದು ತಿಂಗಳು ಒದ್ದಾಡಿ ಎಲ್ಲಾ ನಂಬರೂ ಇಳಿಸಿ ಬರ್ಕೊಂಡೆ. ಎಲ್ಲಾರೂ ಹಾಗೇ ಇಳಿಸ್ಕೊಂಡಿದ್ದಾರೆ ಅಂದ್ಕೊಂಡಿದ್ದೆ."

"ಗ್ಯಾಸಿಂದಲ್ಲ. ನಾಬಿಂದ."

"ಹೆಡ್ಲಿ" ಎಂದು ಅವರು ನಿಧಾನಕ್ಕೆ ಹೇಳಿದರು. "ಗ್ಯಾಸ್‌ನೋರು ಹೋದಮೇಲೆ ಒಲೆ ಎಲ್ಲಾ ಬಿಚ್ಚಿ ತೊಳೆದಿದ್ದು ಅವನೇ. ನಾಬು ಮುರಿದಿರ್ತಾನೆ. ನನಗೆ ಹೇಳೋಕೆ ಹೆದರಿ ಗುಜರಿಯಿಂದ ಇನ್ನೊಂದು ತಂದು ಹಾಕಿರ್ತಾನೆ. ಒಂದು ತಿಂಗಳು ನಾನು ಸೀಯಿಸಿದ್ದನ್ನೆಲ್ಲ ತುಟಿಪಿಟಕ್ಕೆನ್ನದೆ ತಿಂದ, ಪುಣ್ಯಾತ್ಮ. ಎಷ್ಟು ಒಳ್ಳೆಯೋನಪ್ಪಾ ಅಂದ್ಕೊಂಡಿದ್ದೆ ನಾನು."

ನನಗೆ ನಗು ಬಂತು, ಅವರ ಮುಖ ನೋಡಿ ನುಂಗಿಕೊಂಡೆ. ಟಾರ್ಟನ್ನು ಮತ್ತೆ ಒಳಗಿಟ್ಟು ಆರಕ್ಕೆ ತಿರುಗಿಸಿದೆ. ಉಳಿದರೆ ಉಳಿಯಲಿ ಎಂದು.

ಇನ್ನು ಹೇಳದೆ ಇರಲಾಗಲಿಲ್ಲ. "ನೀವು ಬೇಕಂತಲೇ ತಪ್ಪು ಬರೆದುಕೊಟ್ರಿ ಅಂದ್ಕೊಂಡಿದ್ದೆ. ನಾನು ಮನೇಲಿ ಮಾಡಿ ನೋಡಿದ್ದೆ. ಆರಕ್ಕೆ ಸರಿಯಾಗಿ ಬಂತು."

ಅತ್ತೆ ನನ್ನನ್ನು ನೆಟ್ಟ ನೋಟದಿಂದ ನೋಡಿದರು. "ನೀನು ಬೇಕಂತಲೇ ಹಸಿ ತಂದೆ ಅಂದ್ಕೊಂಡಿದ್ದೆ ನಾನು. ನನ್ನ ಚೀಟಿ ನಂಬಿದ್ರೆ ಹೀಗೇ ಆಗೋದು ಅಂತ ಊರಿಗೆಲ್ಲ ತೋರಿಸೋಕೆ. ತಿಳಿಯದೆ ಯಾರೂ ಅಷ್ಟು ಕೆಟ್ಟದಾಗಿ ಟಾರ್ಟು ಮಾಡಲ್ಲ ಅಂತ."

"ನಾನ್ಯಾಕೆ ಹಾಗೆ ಮಾಡ್ಲಿ? ಮದುವೆಯಾಗಿ ಮೂರು ತಿಂಗಳಾಗಿತ್ತು. ನೀವು ಒಂದು ಸಲ ಚೆನ್ನಾಗಿದೆ ಅಂದ್ರೆ ಸಾಕು ಅಂತಿದ್ದೆ."

ಹತ್ತೊಂಬತ್ತು ವರ್ಷದಲ್ಲಿ ಇದನ್ನು ನೈಜೆಲನಿಗೂ ಹೇಳಿರಲಿಲ್ಲ. ಅತ್ತೆ ಓವನ್ನಿನ ಗಾಜಿನೊಳಗೆ ನೋಡುತ್ತಾ ಕೂತರು. ಟಾರ್ಟು ಬಣ್ಣಕ್ಕೆ ಬಂದಮೇಲೆ ತೆಗೆದು ಕಿಟಕಿಯ ಬಳಿ ಆರಲು ಇಟ್ಟರು, ಓವನ್ ಆರಿಸಿದರು, ನಾಬನ್ನು ಇನ್ನೊಮ್ಮೆ ಮುಟ್ಟಿ ಆರಿದೆಯೆಂದು ಖಾತ್ರಿ ಮಾಡಿಕೊಂಡರು. ಆಮೇಲೆ ಒಳಗೆ ಹೋಗಿ ಕೋಟು, ಹ್ಯಾಟು ಹಾಕಿಕೊಂಡು ಬಂದರು.

"ಎಲ್ಲಿಗೆ?"

"ಐವಿ ಸಟ್‌ಕ್ಲಿಫ್ ಮನೆಗೆ. ಅವಳಿಗೇ ನಾನು ಮೊದಲು ಹೇಳಿದ್ದು, ನಮ್ಮ ಸೊಸೆ ಇಂಥೋಳು ಅಂತ. ಆಮೇಲೆ ಇನ್ನು ನಾಲ್ಕು ಜನಕ್ಕೆ ಹೇಳ್ದೆ. ಇಬ್ಬರು ಹೋಗ್ಬಿಟ್ರು, ಅವರಿಗೆ ಇನ್ನು ಏನೂ ಮಾಡೋಕಾಗಲ್ಲ. ಮೂವರು ಇದ್ದಾರೆ. ನಾಳೆ ಚಹಾಕೂಟಕ್ಕೆ ಮುಂಚೆ ಹೇಳಿಬಿಡ್ಬೇಕು. ಆ ಹಳೇ ನಾಬು ತಗೋ, ತೋರಿಸದೆ ಐವಿ ನಂಬಲ್ಲ."

ನಾಬನ್ನು ಜೇಬಿಗೆ ಹಾಕಿಕೊಂಡೆ. ಬೀದಿಗಿಳಿದೆವು. ಏರು ದಾರಿ, ಅವರು ನನ್ನ ತೋಳು ಹಿಡಿದುಕೊಂಡರು. ಮೂಲೆ ತಿರುಗುವ ಮುಂಚೆ ನಿಂತು ಉಸಿರು ತೆಗೆದುಕೊಂಡು ಕೇಳಿದರು:

"ನೀನು? ನಾನು ಮೋಸಗಾತಿ ಅಂತ ನೀನು ಯಾರ್ಯಾರಿಗೆ ಹೇಳಿದ್ದೆ?"

"ನಿಮ್ಮೊಬ್ಬರನ್ನ ಬಿಟ್ಟು ಎಲ್ಲಾರ್ಗೂ" ಎಂದೆ.

ಅವರು ಸ್ವಲ್ಪ ಹೊತ್ತು ಗುಡ್ಡದ ಮೇಲಿನವರೆಗೂ ಸಾಲಾಗಿ ನಿಂತಿದ್ದ ಮನೆಗಳನ್ನು ನೋಡಿದರು.

"ಹಾಗಾದ್ರೆ ಈ ಕಡೆಯಿಂದಲೇ ಶುರು ಮಾಡೋಣ" ಎಂದು ಹೇಳಿ, ಮೂಲೆಯ ಮೊದಲ ಮನೆಯ ಬಾಗಿಲು ತಟ್ಟಿದರು.