ಜಾದೂಗಾರನ ಕೋಟಿನ ಬೆನ್ನ ಮೇಲಿನ ಪಟ್ಟಿ

ರಾಜ್ಯಕ್ಕೆ ಕಿರೀಟ ಹೇಗೋ, ಆ ಹೊಲಿಗೆ ಅಂಗಡಿಗೆ ಕತ್ತರಿ ಹಾಗೆ. ಕಪ್ಪು ಹಿಡಿಯ, ತೂಕದ ಆ ಕತ್ತರಿಯನ್ನು ಅತ್ತೆ ಬಹುಕಾಲ ಆಳಿ, ಕಣ್ಣು ಮಂಜಾದ ಮೇಲೆ ಸೊಸೆಯ ಕೈಗೊಪ್ಪಿಸಿದ್ದರು. ಹೆತ್ತ ಮಗನಿಗೆ ಒಪ್ಪಿಸಲಿಲ್ಲ. ಅವನು ಗುಂಡಿ ಹಾಕುವುದರಲ್ಲಿ ಎತ್ತಿದ ಕೈ. ಕತ್ತರಿ ಕೊಟ್ಟರೆ ಮಾತ್ರ ಎಂಥ ರೇಷ್ಮೆಯನ್ನೂ ಹುಲ್ಲು ಕೊಯ್ದಂತೆ ಕೊಯ್ಯುತ್ತಿದ್ದ.

ಸೊಸೆ ಹೊಲಿಗೆಲೋಕದ ರಾಣಿಯಾಗಿ ಸುಖವಾಗಿಯೇ ಇದ್ದಳು. ನಲವತ್ತೇಳಕ್ಕೆ ಕಾಲಿಟ್ಟದ್ದೇ ತಡ, ಅವಳ ಮೈಯೊಳಗೆ ಯಾರೋ ಒಲೆ ಹೂಡಿದರು. ಕೂತಲ್ಲಿ ಕೂತಂತೆ ಎದೆಯಿಂದ ಬೆಂಕಿ ಎದ್ದು, ಕತ್ತು ಹತ್ತಿ, ಕಿವಿಯಲ್ಲಿ ಹೊಗೆಯಾಡುತ್ತಿತ್ತು. ರಾತ್ರಿ ನಿದ್ದೆಯಿಲ್ಲ, ಹಗಲು ನೆನಪಿಲ್ಲ. "ರೀ, ಅದು ಕೊಡಿ ಸ್ವಲ್ಪ. ಅದೇ, ಚೂಪಾಗಿರುತ್ತಲ್ಲ, ಕಣ್ಣು ಒಂದೇ ಇರುತ್ತಲ್ಲ," ಎಂದು ಕೈ ಚಾಚುತ್ತಿದ್ದಳು. ಇಪ್ಪತ್ತು ವರ್ಷ ಸೂಜಿ ಹಿಡಿದವಳಿಗೆ ಸೂಜಿಯ ಹೆಸರೇ ಕೈಕೊಟ್ಟಿತ್ತು.

ಆ ಅಂಗಡಿಯಲ್ಲಿ ಒಂದು ಕಟ್ಟಳೆ: ಬಟ್ಟೆ ಕತ್ತರಿಸುವಾಗ ಫ್ಯಾನ್ ಹಾಕುವಂತಿಲ್ಲ. ಬಟ್ಟೆಯ ಮೇಲೆ ಹರಡಿದ ಅಳತೆಯ ಕಾಗದಗಳು ಗಾಳಿಗೆ ಹಾರುತ್ತವೆ. ಒಂದು ದಿನ ಸೊಸೆ ತಡೆಯಲಾರದೆ ಫ್ಯಾನ್ ಹಾಕಿಬಿಟ್ಟಳು. ಕಾಗದಗಳು ಪಾರಿವಾಳಗಳಂತೆ ಎದ್ದವು. ಬೆವರೊರೆಸಿಕೊಂಡು ಅವನ್ನು ಹಿಡಿದು ತಂದು ಹಾಸಿ ಕತ್ತರಿಸಿದಳು. ಒಂದು ತೋಳು ಕತ್ತರಿಸಿದ ಮೇಲೆ ಇನ್ನೊಂದಕ್ಕೆ ಕಾಗದವನ್ನು ಮಗುಚಿ ಹಾಕಬೇಕೆಂಬುದು ಆ ಮಂಜಿನಲ್ಲಿ ಹೊಳೆಯಲೇ ಇಲ್ಲ. ಶಾಲೆಯ ಮುಖ್ಯೋಪಾಧ್ಯಾಯರ ಕೋಟಿಗೆ ಎರಡೂ ಎಡತೋಳುಗಳು ಸಿದ್ಧವಾದವು.

ಅತ್ತೆ ತೋಳುಗಳನ್ನು ಸವರಿ ನೋಡಿದರು. ಕಣ್ಣು ಮಂಜಾದರೂ ಬೆರಳು ಮಂಜಾಗಿರಲಿಲ್ಲ.

"ಬಲಗೈ ಮನೇಲಿಟ್ಟು ಬರ್ತಾರೇನಮ್ಮ ಅವರು?"

"ಸೆಕೆ ಅತ್ತೆ. ತಲೆ ಓಡ್ಲಿಲ್ಲ."

"ನಾನು ಈ ವಯಸ್ಸು ದಾಟಿಲ್ವಾ? ತುಟಿ ಪಿಟಕ್ ಅಂದಿದ್ನಾ?"

ಗಂಡ ಗುಂಡಿಯ ಡಬ್ಬಿಯೊಳಗೆ ಮುಖ ಹುದುಗಿಸಿದ. ಆ ವಯಸ್ಸಿನಲ್ಲಿ ಅಮ್ಮ ಒಬ್ಬ ಗಿರಾಕಿಯನ್ನೂ ಒಂದು ಹೊಲಿಗೆ ಮಷೀನನ್ನೂ ಒಟ್ಟಿಗೇ ಬೀದಿಗೆ ಎಸೆದದ್ದನ್ನು ಅವನು ಕಣ್ಣಾರೆ ಕಂಡಿದ್ದ.

ಅತ್ತೆ ಕತ್ತರಿಯನ್ನು ತಮ್ಮ ಸೊಂಟದ ಚೀಲಕ್ಕಿಳಿಸಿದರು. "ಜಾದೂಗಾರ ಹೊಲಿಯೋಕೆ ಹೇಳಿರೋ ಕೋಟಿದೆಯಲ್ಲ, ಅದಕ್ಕೆ ಮಾತ್ರ ಕೊಡ್ತೀನಿ. ಸರಿ ಹೋದ್ರೆ ಕತ್ತರಿ ನಿಂದೇ. ಕೆಟ್ರೆ ಇವನಿಗೆ."

ಗಂಡನ ಮುಖವೇ ಎಲ್ಲರಿಗಿಂತ ಹೆಚ್ಚು ಬಿಳಿಚಿತು.

ಮರುದಿನವೇ ಸೊಸೆ ನೂಲು ತರುವ ನೆಪ ಹೇಳಿ ಡಾಕ್ಟರಮ್ಮನ ಬಳಿ ಹೋದಳು. ಡಾಕ್ಟರಮ್ಮ ಬಿ.ಪಿ. ನೋಡಿದರು, ಮನೆತನದಲ್ಲಿ ಯಾರಿಗಾದರೂ ಸ್ತನದ ಕ್ಯಾನ್ಸರ್ ಇತ್ತೇ, ಕಾಲಲ್ಲಿ ರಕ್ತ ಹೆಪ್ಪುಗಟ್ಟಿತ್ತೇ ಎಂದು ಕೆದಕಿ ಕೆದಕಿ ಕೇಳಿದರು. ಆಮೇಲೆ ಎರಡು ಉಗುರಗಲದ ಪಾರದರ್ಶಕ ಅಂಟುಪಟ್ಟಿ ಕೊಟ್ಟರು. "ಇದರಲ್ಲಿ ಹಾರ್ಮೋನ್ ಇದೆ. ಹೊಟ್ಟೆಯ ಕೆಳಭಾಗಕ್ಕೆ ಅಂಟಿಸ್ಕೊಳ್ಳಿ, ವಾರಕ್ಕೆರಡು ಸಲ ಬದಲಾಯಿಸಿ. ಗರ್ಭಕೋಶದ ಕಾವಲಿಗೆ ರಾತ್ರಿ ಈ ಮಾತ್ರೆ. ಮಂತ್ರದಂಡ ಅಲ್ಲ ಇದು, ಕೆಲವು ವಾರ ಹಿಡಿಯುತ್ತೆ."

ಜಾದೂಗಾರ ಊರೂರು ಸುತ್ತುತ್ತಿದ್ದುದರಿಂದ ಆ ಕೆಲವು ವಾರಗಳು ಹೇಗೋ ಸಿಕ್ಕವು. ಒಲೆ ನಿಧಾನಕ್ಕೆ ಆರಿತು. ನಿದ್ದೆ, ಮುನಿಸಿಕೊಂಡು ತವರಿಗೆ ಹೋದವಳಂತೆ, ಗಂಟುಮೂಟೆ ಸಮೇತ ಮರಳಿ ಬಂತು. ಸೂಜಿ ಮತ್ತೆ ಸೂಜಿಯಾಯಿತು. ಕರಿ ಬಟ್ಟೆ, ಕೆಂಪು ಒಳಪದರ, ಹೊರಗಿನವರಿಗೆ ಕಾಣದ ಒಂದು ರಾಶಿ ಕಳ್ಳಜೇಬು. ಸೊಸೆ ಕತ್ತರಿಸಿ ಕತ್ತರಿಯನ್ನು ಅತ್ತೆಗೆ ಮರಳಿಸಿದಳು, ಹೊಲಿದಳು, ಇಸ್ತ್ರಿ ಮಾಡಿ ತೂಗುಹಾಕಿದಳು. ಎಡತೋಳು ಎಡಕ್ಕೆ, ಬಲತೋಳು ಬಲಕ್ಕೆ. ಅತ್ತೆಗೆ ಮಾತ್ರ ಪಟ್ಟಿಯ ಸುದ್ದಿ ಹೇಳಲಿಲ್ಲ.

ಜಾದೂಗಾರ ಬಂದು ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತ. ಅತ್ತೆ ಭುಜ ಸವರಿದರು, ತೋಳು ಸವರಿದರು, ಬೆನ್ನು ಸವರಿದರು. ಬೆನ್ನ ನಡುವೆ ಬೆರಳು ನಿಂತಿತು.

"ಇಲ್ಲೇನೋ ನುಣ್ಣಗಿದೆ."

ಸೊಸೆಯ ಕೈ ತಾನಾಗಿ ಹೊಟ್ಟೆಗೆ ಹೋಯಿತು. ಅಲ್ಲಿ ಪಟ್ಟಿ ಇರಲಿಲ್ಲ. ಕೋಟನ್ನು ತೊಡೆಯ ಮೇಲೆ ಹರಡಿಕೊಂಡು ಕೊನೆಗೆ ಗುಂಡಿಯ ಕಾಜ ಬಿಗಿಯುವಾಗ ಸೊಂಟದಿಂದ ಮೆಲ್ಲಗೆ ಕಿತ್ತುಬಂದು, ರಾಯಭಾರಿಯ ಹಾಗೆ ಜಾದೂಗಾರನ ಬೆನ್ನೇರಿ ಕೂತಿತ್ತು.

"ಬಟ್ಟೆ ತೂತು ಮಾಡಿ ಮೇಲೆ ಅಂಟು ಹಾಕಿ ಮುಚ್ಚಿದ್ದೀಯಾ?" ಅತ್ತೆಯ ದನಿ ತಣ್ಣಗಿತ್ತು. "ತಪ್ಪು ಮಾಡೋದು ಬೇರೆ. ಮುಚ್ಚಿಡೋದು ಬೇರೆ. ಮಗಾ, ಬಾ ಇಲ್ಲಿ."

ಅವರು ಸೊಂಟದ ಚೀಲದಿಂದ ಕತ್ತರಿ ತೆಗೆದರು. ಗಂಡ ಎರಡು ಹೆಜ್ಜೆ ಹಿಂದೆ ಸರಿದ.

ಸೊಸೆ ಜಾದೂಗಾರನನ್ನು ನೋಡಿದಳು, ಕತ್ತರಿಯನ್ನು ನೋಡಿದಳು. ಮಾನ ಯಾವುದರಲ್ಲಿದೆಯೆಂದು ಕ್ಷಣ ತೂಗಿ ನೋಡಿ, ಕತ್ತರಿಯ ಪಕ್ಷ ವಹಿಸಿದಳು.

"ತೂತು ಗೀತು ಏನೂ ಇಲ್ಲ ಅತ್ತೆ. ಅದು ನನ್ನ ಹೊಟ್ಟೆ ಮೇಲಿದ್ದ ಔಷಧಿ ಪಟ್ಟಿ. ಮುಟ್ಟು ನಿಲ್ಲೋ ಕಾಲದ ಸೆಕೆಗೆ ಡಾಕ್ಟರಮ್ಮ ಕೊಟ್ಟಿದ್ದು. ಕಿತ್ತು ನೋಡಿ."

ಜಾದೂಗಾರ ಕನ್ನಡಿಯಲ್ಲೇ ಕಣ್ಣು ಮಿಟುಕಿಸಿದ. "ನನ್ನ ಕೋಟಿಂದ ಏನೇನೋ ಬಂದಿದೆ ತಾಯಿ, ಇದು ಮಾತ್ರ ಬಂದಿರ್ಲಿಲ್ಲ. ಆ ಕಾಲದಲ್ಲಿ ನಮ್ಮನೆಯವಳು ನನ್ನ ಪಾರಿವಾಳಗಳನ್ನೆಲ್ಲ ಬಾಗಿಲು ತೆಗೆದು ಓಡಿಸಿದ್ಲು. ನನ್ನನ್ನೂ ಓಡಿಸ್ತಿದ್ಲು, ನಾನು ಪೆಟ್ಟಿಗೆಯೊಳಗೆ ಮಾಯವಾಗಿದ್ದೆ."

ಅತ್ತೆ ಉಗುರಿನಿಂದ ಪಟ್ಟಿಯನ್ನು ಎಬ್ಬಿಸಿದರು. ಕೆಳಗೆ ಬಟ್ಟೆ ಇಡಿಯಾಗಿತ್ತು, ಒಂದು ಎಳೆಯೂ ಅಲುಗಿರಲಿಲ್ಲ. ಪಟ್ಟಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಎಲ್ಲಿ ಅಂಟಿಸಿದ್ದೆ?"

"ಸೊಂಟದ ಹತ್ತಿರ."

"ಲಂಗದ ಪಟ್ಟಿ ಉಜ್ಜೋ ಜಾಗದಲ್ಲಾ?"

"ಹೂಂ."

"ಮೈಗೆ ಎಣ್ಣೆ ಹಚ್ಚಿದ್ಯಾ?"

"ಸ್ವಲ್ಪ."

ಅತ್ತೆ ನಿಟ್ಟುಸಿರು ಬಿಟ್ಟರು. "ಇಷ್ಟು ವರ್ಷ ಕಾಲರ್ ಒಳಗೆ ಅಂಟುಬಟ್ಟೆ ಕೂರಿಸಿದವಳು ನೀನು. ಎಣ್ಣೆ ಪಸೆ ಮೇಲೆ ಅಂಟು ಹಿಡಿಯುತ್ತಾ? ಒಣಗಿದ ಜಾಗ ನೋಡ್ಬೇಕು, ಉಜ್ಜಾಡದ ಜಾಗ ನೋಡ್ಬೇಕು, ಅಂಗೈ ಶಾಖ ಕೊಟ್ಟು ಒತ್ತಿ ಹಿಡೀಬೇಕು. ಕೋಟಿಗೊಂದು ನ್ಯಾಯ, ಹೊಟ್ಟೆಗೊಂದು ನ್ಯಾಯಾನಾ? ಹೋಗು, ಹೊಸದೊಂದು ಸರಿಯಾಗಿ ಅಂಟಿಸ್ಕೊಂಡು ಬಾ."

ಸೊಸೆ ಮರಳಿ ಬಂದಾಗ ಕತ್ತರಿ ಅವಳ ಮೇಜಿನ ಮೇಲಿತ್ತು. ಜಾದೂಗಾರ ಹೊಸ ಕೋಟಿನಲ್ಲೇ ಹೊರಟುಹೋಗಿದ್ದ. ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು.

"ನನ್ನ ಕಾಲಕ್ಕೆ ಇದು ಸಿಕ್ಕಿದ್ರೆ," ಎಂದರು, "ಆ ಮಷೀನು ಉಳೀತಿತ್ತು."

"ಗಿರಾಕಿ?" ಎಂದ ಗಂಡ.

"ಅವನನ್ನ ಹೇಗಿದ್ರೂ ಎಸೀತಿದ್ದೆ. ನೀನು ಏಳು, ಫ್ಯಾನ್ ಹಾಕು."

"ಕತ್ತರಿಸೋವಾಗಲಾ ಅಮ್ಮಾ? ಕಾಗದ ಹಾರುತ್ತೆ."

"ಅದಕ್ಕೇ ನಿನ್ನನ್ನ ಹೆತ್ತಿದ್ದು. ಹಿಡ್ಕೋ."

ಅಂದಿನಿಂದ ಆ ಅಂಗಡಿಯಲ್ಲಿ ಫ್ಯಾನ್ ತಿರುಗುತ್ತದೆ. ಸೊಸೆ ಮುಖ್ಯೋಪಾಧ್ಯಾಯರ ಬಲತೋಳಿನಿಂದ ಮೊದಲ್ಗೊಂಡು ಏನೇ ಕತ್ತರಿಸುತ್ತಿದ್ದರೂ, ಗಂಡ ಎರಡೂ ಅಂಗೈಗಳನ್ನೂ ಒಂದು ಮೊಣಕೈಯನ್ನೂ ಕಾಗದದ ಮೇಲೊತ್ತಿ, ಕತ್ತರಿ ಹತ್ತಿರ ಬಂದಾಗಲೆಲ್ಲ ಉಸಿರು ಬಿಗಿಹಿಡಿದು ನಿಂತಿರುತ್ತಾನೆ.