ಭಾಷ್ಯಂ ಮೇಷ್ಟರಿಗೆ ವಾಕಿಂಗ್

ಭಾಷ್ಯಂ ಮೇಷ್ಟ್ರು ನನಗೆ ಕೈ ಮುಗಿದಾಗ ಮೈಯೆಲ್ಲಾ ಉರಿದುಹೋಯಿತು. ಅದು ೨೦೦೫, ಅರಸೀಕೆರೆಯಲ್ಲಿ ನಾನು ಕ್ಲಿನಿಕ್ ತೆರೆದ ಹೊಸತು. "ನಮಸ್ಕಾರ ಡಾಕ್ಟರಮ್ಮ" ಎಂದರು. ಬಾಗಿಲಲ್ಲಿ ಲತಾಮಣಿ ಎಂದು ದಪ್ಪಕ್ಷರದಲ್ಲಿ ಬೋರ್ಡು ಬರೆಸಿದ್ದೆ. ಅದನ್ನು ಓದಿಯೂ ಅವರಿಗೆ ಏನೂ ಹೊಳೆಯಲಿಲ್ಲ.

ಸಕ್ಕರೆ ಕಾಯಿಲೆ, ಮುಂದೆ ಚಾಚಿದ ಹೊಟ್ಟೆ, ಜೊತೆಗೆ ಮರೆವು. "ತಿಂಡಿ ತಿಂದಿದ್ದೂ ಮರೀತಾರೆ ಡಾಕ್ಟ್ರೇ" ಎಂದಳು ಮಗಳು ಮೇಧಿನಿ. ಕಾನ್ವೆಂಟಿನಲ್ಲಿ ಓದಿದ ಅವಳಿಗೆ ಅಪ್ಪನ ಸ್ಕೂಲಿನ ಕತೆ ಯಾವುದೂ ಗೊತ್ತಿರಲಿಲ್ಲ.

ನಾನು ಮರೆತಿರಲಿಲ್ಲ. ಒಂದನೇ ಕ್ಲಾಸಿಗೆ ಸೇರಿಸುವ ದಿನ ನಮ್ಮವ್ವ ಮಾರಮ್ಮ, "ಲತಾಮಣಿ ಅಂತ ಬರ್ಕಳಿ ಸ್ವಾಮಿ" ಎಂದಿದ್ದಳು. ಯಾರದೋ ಮನೆ ಅಂಗಳ ಗುಡಿಸುವಾಗ ರೇಡಿಯೋದಲ್ಲಿ ಕೇಳಿ, ಹೊಟ್ಟೆಯಲ್ಲಿದ್ದ ನನಗೆಂದು ಎತ್ತಿಟ್ಟುಕೊಂಡ ಹೆಸರು. ಮೇಷ್ಟ್ರು ನಕ್ಕರು. "ನಿಮ್ಮೋರಿಗೆ ಲತೆ ಯಾಕೆ, ಮಣಿ ಯಾಕೆ? ತಿಪ್ಪಿ ಸಾಕು" ಎಂದು ಅದನ್ನೇ ಬರೆದರು. ಅವ್ವ ದಾರಿಯುದ್ದಕ್ಕೂ ಸೆರಗಿನಲ್ಲಿ ಮೂಗು ಒರೆಸಿಕೊಂಡು ಬಂದಳು. ಹತ್ತನೇ ಕ್ಲಾಸಿನವರೆಗೂ ನಾನು ತಿಪ್ಪಿ. ಆಮೇಲೆ ಅಫಿಡವಿಟ್ ಮಾಡಿಸಿ ನನ್ನ ಹೆಸರನ್ನು ನಾನೇ ವಾಪಸ್ ತಗೊಂಡೆ.

ಇಷ್ಟೆಲ್ಲಾ ಮಾಡಿ ಈ ಮನುಷ್ಯ ಮರೆತು ಪಾರಾಗುವುದೇ? ಬಿಡುವವಳಲ್ಲ ನಾನು. ಇವರಿಗೆ ನೆನಪು ಬರಬೇಕು, ಬಂದು ಅವ್ವನ ಮುಂದೆ ತಲೆ ತಗ್ಗಬೇಕು.

"ಹೊಟ್ಟೆ ಕೊಬ್ಬು ಸುಮ್ನೆ ಕೂತಿರಲ್ಲ ಮೇಧಿನಿ" ಎಂದೆ. "ಅದೂ ಹಾರ್ಮೋನ್ ಮಾಡುತ್ತೆ, ಅದು ರಕ್ತದಲ್ಲಿ ಮಿದುಳಿನ ತನಕ ಹೋಗುತ್ತೆ. ಹೊಟ್ಟೆ ಬೆಳೆದಷ್ಟೂ ಒಳ್ಳೇ ಹಾರ್ಮೋನ್ ಕಮ್ಮಿ, ಕೆಟ್ಟದ್ದರ ಕಾಟ ಜಾಸ್ತಿ. ಸಕ್ಕರೆ ಬೇರೆ ಸೇರಿದ್ರೆ ನೆನಪಿಗೂ ಪೆಟ್ಟು. ದಿನಾ ನಡೆಸಿ, ಮರೆವು ಕಮ್ಮಿ ಆಗಬಹುದು. ಗ್ಯಾರಂಟಿ ಕೊಡಲ್ಲ."

ದಾರಿಯನ್ನೂ ನಾನೇ ಹೇಳಿದೆ. ಕೆರೆ ಏರಿ ಮೇಲೆ ಹೋಗಿ ನಮ್ಮ ಕೇರಿಯ ಬೀದಿಯಲ್ಲಿ ವಾಪಸ್. ಅಲ್ಲಿ ಲಾರಿ ಕಾಟ ಇಲ್ಲ ಎಂದೆ. ಅಲ್ಲಿ ಜಗಲಿಯ ಮೇಲೆ ಬೆಳಗಿನ ಬಿಸಿಲಿಗೆ ಅವ್ವ ಕೂತಿರುತ್ತಾಳೆ ಎಂದು ಹೇಳಲಿಲ್ಲ.

ತಿಂಗಳುಗಳು ಕಳೆದವು. ಹೊಟ್ಟೆ ಇಳಿಯಿತು, ಸಕ್ಕರೆ ಹತೋಟಿಗೆ ಬಂತು. ಸ್ಕೂಲಿನ ಮಕ್ಕಳನ್ನು ಹಳೇಬೀಡಿಗೆ ಟ್ರಿಪ್ ಕರೆದೊಯ್ದದ್ದು ನೆನಪಾಯಿತು, ಬೀಗದ ಕೈ ಇಟ್ಟ ಜಾಗ ನೆನಪಾಯಿತು. ಬಂದಾಗಲೆಲ್ಲಾ "ನನ್ನ ಹೆಸರೇನು ಮೇಷ್ಟ್ರೇ?" ಎಂದು ಕೇಳುತ್ತಿದ್ದೆ. ಹುಬ್ಬು ಗಂಟಿಕ್ಕಿ ಯೋಚಿಸಿ, ಸೋತು, "ಡಾಕ್ಟರಮ್ಮ" ಎನ್ನುತ್ತಿದ್ದರು. ನಾನು ಹಲ್ಲು ಕಚ್ಚಿಕೊಂಡು ಕಾದೆ.

ಒಂದು ದಿನ ಮೇಧಿನಿ ಹೇಳಿದಳು: "ಆ ಬೀದಿ ಬೇಡ ಅಂತ ಹಟ ಹಿಡಿದಿದಾರೆ ಡಾಕ್ಟ್ರೇ. ನಿನ್ನೆ ಜಗಲಿ ಮೇಲಿದ್ದ ಅಜ್ಜೀನ ನೋಡಿ ಹಂಗೇ ವಾಪಸ್ ತಿರುಗಿಬಿಟ್ರು."

ನಾನು ಮೇಷ್ಟ್ರ ಕಡೆ ತಿರುಗಿದೆ. "ನನ್ನ ಹೆಸರೇನು ಮೇಷ್ಟ್ರೇ?"

"ನೆನಪಿಲ್ಲ ಡಾಕ್ಟರಮ್ಮ" ಎಂದರು ಥಟ್ಟನೆ. ಕಣ್ಣು ತೂಕದ ಮಿಷನ್ನಿನ ಮೇಲಿತ್ತು. ಇಷ್ಟು ದಿನ ಯೋಚಿಸುತ್ತಿದ್ದವರು ಈ ಸಲ ಯೋಚಿಸಲೇ ಇಲ್ಲ. ಸುಳ್ಳು ಹೇಳುವಷ್ಟು ವಾಸಿಯಾಗಿದ್ದರು.

"ನಾಳೆಯೂ ಅದೇ ಬೀದಿ" ಎಂದೆ.

ಬೆಳಿಗ್ಗೆ ನಾನೇ ಹೋಗಿ ಅವ್ವನ ಪಕ್ಕ ನಿಂತೆ. ಮಗಳ ಕೈ ಹಿಡಿದು ಬಂದ ಮೇಷ್ಟ್ರು ನಮ್ಮಿಬ್ಬರನ್ನೂ ಕಂಡು ನಿಂತುಬಿಟ್ಟರು. ಅವ್ವ ಕಣ್ಣು ಕಿರಿದು ಮಾಡಿ ನೋಡಿದಳು, ಗುರುತು ಸಿಕ್ಕಿತು, ಕೂತಲ್ಲಿಂದ ಏಳಲಿಲ್ಲ.

"ಈಗ ಹೇಳಿ ಮೇಷ್ಟ್ರೇ, ನನ್ನ ಹೆಸರೇನು?"

ಎರಡು ಹೆಸರೂ ಅವರ ಬಾಯಲ್ಲಿದ್ದವು, ನನಗೆ ಗೊತ್ತಿತ್ತು. "ಲತಾಮಣಿ" ಎಂದರು ನೆಲ ನೋಡುತ್ತಾ. ನನಗೆ ಅಯ್ಯೋ ಅನಿಸಲಿಲ್ಲ.

"ಜೋರಾಗಿ ಹೇಳಿ. ಅವ್ವಂಗೆ ಕಿವಿ ಮಂದ" ಎಂದೆ. ಅವ್ವನ ಕಿವಿ ಚೆನ್ನಾಗೇ ಇದೆ.

"ಲತಾಮಣಿ!" ಬೀದಿಗೆಲ್ಲಾ ಕೇಳಿಸಿತು.

"ಹೂಂ" ಎಂದಳು ಅವ್ವ. "ಹಂಗೇ ಬರ್ಕಳಿ ಸ್ವಾಮಿ."